ಗಾಲಿಕುರ್ಚಿಯಲ್ಲಿ ಹೊರಟ ಗೊಂಬೆ

ಫೆಬ್ರವರಿ ಹನ್ನೊಂದು, ಬುಧವಾರ, ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ ಓಹಾಯೊದ ಕಾರ್ವರ್ಸ್ ಬೆಂಡ್ ಠಾಣೆಗೆ ದೂರು ಬಂತು. ದೂರು ಕೊಟ್ಟವಳು ಗ್ಲೆಂಡಾ ಫರ್ಗ್ಯುಸ್, ಊರಿನ ವೃತ್ತಿಶಾಲೆಯಲ್ಲಿ ಪ್ರಾಕ್ಟಿಕಲ್ ನರ್ಸಿಂಗ್ ತರಬೇತಿಯ ಮುಖ್ಯಸ್ಥೆ. ಕಳುವಾದದ್ದು ಮನುಷ್ಯನ ಅಳತೆಯ, ಬಿಳಿಗೂದಲಿನ ಒಂದು ಗೊಂಬೆ. ವಿದ್ಯಾರ್ಥಿಗಳು ಸೂಜಿ ಚುಚ್ಚುವುದನ್ನು, ಹುಣ್ಣಿಗೆ ಪಟ್ಟಿ ಕಟ್ಟುವುದನ್ನು, ಮೂತ್ರನಳಿಕೆ ಹಾಕುವುದನ್ನು ಅದರ ಮೇಲೆಯೇ ಕಲಿಯುತ್ತಿದ್ದರು. ಅದಕ್ಕೆ ಬರ್ನೀಸ್ ಎಂದು ಹೆಸರಿಟ್ಟಿದ್ದರು. ಎರಡು ವಾರದಲ್ಲಿ ಪರೀಕ್ಷೆ, ಬೇರೆ ಗೊಂಬೆ ಇಲ್ಲ. ದುಬಾರಿ ವಸ್ತುವಾದ್ದರಿಂದ ಎಫ್‌ಐಆರ್ ದೊಡ್ಡ ಕಳ್ಳತನದ ಕಲಮಿನಲ್ಲೇ ದಾಖಲಾಯಿತು.

ಡಿಟೆಕ್ಟಿವ್ ನೋರೀನ್ ಕೊವಾಲ್ಚಿಕ್ ಮತ್ತು ಕಾನ್‌ಸ್ಟೇಬಲ್ ಟಿಬ್ಸ್ ಹತ್ತೂವರೆಗೆ ಸ್ಥಳದ ಪಂಚನಾಮೆ ಮಾಡಿದರು. ಬೀಗ ಮುರಿದಿರಲಿಲ್ಲ, ಕಿಟಕಿಗಳು ಭದ್ರವಾಗಿದ್ದವು. ಬೀಗದ ಕೈ ಇದ್ದವರಲ್ಲಿ ಜಾಡಮಾಲಿ ಅಮೋಸ್ ಪ್ರೂಯಿಟ್ ಒಬ್ಬ. ಹರೆಯದಲ್ಲಿ ತಾಮ್ರದ ತಂತಿ ಕದ್ದು ಜೈಲು ಕಂಡವನು. ಗ್ಲೆಂಡಾ ಯಾರನ್ನೂ ಕೇಳದೆ ಮಧ್ಯಾಹ್ನದೊಳಗೆ ಅವನನ್ನು ಕೆಲಸದಿಂದ ಅಮಾನತು ಮಾಡಿದ್ದಳು. ಅಮೋಸ್ ತಾನೇ ಮನೆಯ ಬಾಗಿಲು ತೆರೆದು ಪೊಲೀಸರನ್ನು ಒಳಗೆ ಬಿಟ್ಟ. ಏನೂ ಸಿಗಲಿಲ್ಲ.

"ಆ ತಂತಿ ಇನ್ನೂ ನನ್ನ ಕೊರಳಿಗೇ ಸುತ್ಕೊಂಡಿದೆ ಮೇಡಂ," ಎಂದಷ್ಟೇ ಹೇಳಿದ.

ಒಂದು ವಾರ ದಂಡವಾಯಿತು. ಗಿರವಿ ಅಂಗಡಿ, ಹಳೆ ಸಾಮಾನಿನ ಅಂಗಡಿ, ಅಂತರಜಾಲದ ಮಾರಾಟದ ತಾಣ, ಎಲ್ಲವನ್ನೂ ಜಾಲಾಡಿದರು. ಠಾಣೆಯ ಮುಖ್ಯಸ್ಥ ಪ್ರತಿದಿನ ಬೆಳಿಗ್ಗೆ, ಅಜ್ಜಿ ಮನೆಗೆ ಬಂದಳೇ ಎಂದು ಕೆಣಕುತ್ತಿದ್ದ. ರಾತ್ರಿಯ ಕ್ಯಾಮೆರಾ ದೃಶ್ಯಗಳನ್ನು ಕೊವಾಲ್ಚಿಕ್ ಕಣ್ಣು ಉರಿಯುವ ತನಕ ನೋಡಿದ್ದಳು. ಒಂದು ಬೆಕ್ಕು ಬಿಟ್ಟರೆ ಬೇರೇನೂ ಇರಲಿಲ್ಲ.

ಹದಿನೆಂಟರಂದು ಟಿಬ್ಸ್ ಬೇಸತ್ತು ಹತ್ತನೇ ತಾರೀಖಿನ ಹಗಲಿನ ದೃಶ್ಯ ಹಾಕಿದ. ಮಧ್ಯಾಹ್ನ ಮೂರು ಹತ್ತು. ನೀಲಿ ಸಮವಸ್ತ್ರ ತೊಟ್ಟು ಮಾಸ್ಕ್ ಹಾಕಿದ ಹೆಂಗಸೊಬ್ಬಳು, ಉಣ್ಣೆ ಟೋಪಿಯ ಮುದುಕಿಯನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಶಾಲೆಯ ಒಳಗಿನಿಂದ ಮುಂಬಾಗಿಲಿಗೆ ಬಂದಳು. ಕಾವಲುಗಾರ ಎದ್ದು ನಿಂತು ನಮಸ್ಕರಿಸಿದ.

"ಮೇಡಂ, ಈ ಅಜ್ಜಿ ಕತ್ತೇ ಅಲ್ಲಾಡಿಸ್ತಿಲ್ಲ," ಎಂದ ಟಿಬ್ಸ್.

ಗ್ಲೆಂಡಾಳನ್ನು ಕರೆಸಿ ತೋರಿಸಿದರು. ಅವಳು ಎರಡು ಸಲ ನೋಡಿ, ಇದು ತನ್ನ ಹುಡುಗಿಯರ ಕೆಲಸವಲ್ಲ ಎಂದಳು. ಹೇಗೆ ಗೊತ್ತು ಎಂದು ಕೊವಾಲ್ಚಿಕ್ ಕೇಳಿದಳು.

"ಬಾಗಿಲು ಮುಟ್ಟೋಕೆ ಮುಂಚೆ ಎರಡೂ ಗಾಲಿಗೆ ಬ್ರೇಕ್ ಹಾಕಿದ್ಳು. ಬಗ್ಗಿ ಗೊಂಬೆ ಪಾದ ನೆಟ್ಟಗಿಟ್ಟಳು. ನಾನು ಬಾಯಿ ಬಡ್ಕೊಂಡ್ರೂ ಅವು ಮಾಡಲ್ಲ. ಇದು ವರ್ಷಗಟ್ಟಲೆ ಮುದುಕರನ್ನ ನೋಡ್ಕೊಂಡಿರೋ ಕೈ."

"ನಿಮ್ಮ ಹಾಜರಿ ಪುಸ್ತಕದಲ್ಲಿ ಅಂಥ ಕೈ ಯಾರದು?"

ಗ್ಲೆಂಡಾ ಹೆಸರು ಹೇಳಿದಳು: ಟ್ವೈಲಾ ಬಾಗ್ಸ್, ನಲವತ್ನಾಲ್ಕು ವರ್ಷ, ಸಂಜೆ ತರಗತಿ. ವೃದ್ಧಾಶ್ರಮದಲ್ಲಿ ಹದಿನೇಳು ವರ್ಷದಿಂದ ಆಯಾ. ಮೂತ್ರನಳಿಕೆ ಹಾಕುವ ಪರೀಕ್ಷೆಯಲ್ಲಿ ಎರಡು ಸಲ ಫೇಲು. ಮೂರನೆಯದೂ ಹೋದರೆ ಹೆಸರು ಹೊಡೆದುಹಾಕುತ್ತಾರೆ. ಗೊಂಬೆಯ ಕೋಣೆ ಅಭ್ಯಾಸಕ್ಕೆ ತೆರೆದಿರುವುದು ಒಂಬತ್ತರಿಂದ ನಾಲ್ಕರವರೆಗೆ, ಅವಳ ಪಾಳಿ ಏಳರಿಂದ ಮೂರೂವರೆಗೆ. ಹತ್ತನೇ ತಾರೀಖು ಅವಳು ರಜೆ ಹಾಕಿದ್ದಳು. ಸಂಜೆಯೂ ಕೋಣೆ ತೆರೆದಿಡಿ ಎಂದು ಅವಳು ಬರೆದ ಮೂರು ಅರ್ಜಿಗಳು ಕಡತದಲ್ಲಿದ್ದವು. ಮೂರರ ಮೇಲೂ ಗ್ಲೆಂಡಾಳ ಅಕ್ಷರದಲ್ಲಿ 'ಸಾಧ್ಯವಿಲ್ಲ' ಎಂದಿತ್ತು. ಕೊವಾಲ್ಚಿಕ್ ಆ ಹಾಳೆಗಳನ್ನು ಅವಳ ಮುಂದೆಯೇ ನಿಧಾನವಾಗಿ ಮಡಚಿ ಚೀಲಕ್ಕೆ ಹಾಕಿದಳು.

ಇಪ್ಪತ್ತನೇ ತಾರೀಖು, ಶುಕ್ರವಾರ, ಸಂಜೆ ಐದು ನಲವತ್ತಕ್ಕೆ ವಾರಂಟ್ ಹಿಡಿದು ಟ್ವೈಲಾಳ ಮನೆ ಬಾಗಿಲು ತಟ್ಟಿದರು. ಅವಳು ಒದ್ದೆ ಕೈಗಳನ್ನು ಮೇಲೆತ್ತಿಕೊಂಡೇ ಬಂದಳು.

"ಬನ್ನಿ. ಒಳಗೆ ಮಲಗಿದ್ದಾಳೆ."

ಬರ್ನೀಸ್ ಟ್ವೈಲಾಳ ಮಂಚದ ಮೇಲೆ, ಎದೆಯವರೆಗೆ ಹೊದ್ದು ಮಲಗಿತ್ತು. ಪಕ್ಕದ ನೆಲದಲ್ಲಿ ಟ್ವೈಲಾ ಮಲಗುವ ಚಾಪೆ. ಗೋಡೆಯ ಹಾಳೆಯಲ್ಲಿ ಪ್ರತಿ ಪ್ರಯತ್ನದ ದಿನಾಂಕ, ಗಂಟೆ, ತಪ್ಪು. ಒಟ್ಟು ಅರವತ್ತೊಂದು.

"ಅಮೋಸ್‌ನ ಅಮಾನತು ಮಾಡಿದ್ದು ಗೊತ್ತಿತ್ತಾ?"

"ಗೊತ್ತಿತ್ತು." ಅವಳು ಗೊಂಬೆಯ ಹೊದಿಕೆ ಸರಿಪಡಿಸಿದಳು. "ಪರೀಕ್ಷೆ ಹಿಂದಿನ ದಿನ ವಾಪಸ್ ತಂದಿಡೋಳಿದ್ದೆ. ಅವನಿಗೆ ಆಗಿದ್ದು ನನ್ನಿಂದ್ಲೇ."

"ಕೈ ಪಳಗಿತಾ?"

"ಕೊನೇ ಹತ್ತೊಂಬತ್ತು ಸಲ ಒಂದೂ ತಪ್ಪಿಲ್ಲ. ಆದ್ರೆ ನೋಡಿದೋರು ಯಾರಿದ್ದಾರೆ?"

ಆರು ಇಪ್ಪತ್ತೈದಕ್ಕೆ ಕೈಕೋಳ ಹಾಕಿದರು. ಮುಂದೆ ಸರ್ಕಾರಿ ವಕೀಲ ಆರೋಪವನ್ನು ಸಣ್ಣದು ಮಾಡಿದ. ಅಮೋಸ್‌ಗೆ ಕೆಲಸ ಮರಳಿತು, ಕ್ಷಮೆ ಯಾರೂ ಕೇಳಲಿಲ್ಲ. ಟ್ವೈಲಾಳ ಹೆಸರನ್ನು ಶಾಲೆ ಹೊಡೆದುಹಾಕಿತು. ಕಳ್ಳತನದ ಶಿಕ್ಷೆ ಇರುವವರಿಗೆ ನರ್ಸಿಂಗ್ ಲೈಸೆನ್ಸ್ ಸಿಗುವುದು ಕಷ್ಟವೆಂದು ಅವಳ ವಕೀಲ ಮೊದಲೇ ಹೇಳಿದ್ದ.

ಬಂಧನದ ಸಂಜೆ ಅವಳು ಕೊಟ್ಟ ಹೇಳಿಕೆ ಎರಡು ಪುಟ. ಎರಡು ವರ್ಷದ ಹಿಂದೆ ವೃದ್ಧಾಶ್ರಮದಲ್ಲಿ ಒಬ್ಬ ಮುದುಕನ ಮೂತ್ರನಳಿಕೆ ಕಟ್ಟಿಕೊಂಡಿತ್ತು. ಹಿಂದೆ ಕ್ಷೌರಿಕನಾಗಿದ್ದವನು. ನಲವತ್ತೆಂಟು ಹಾಸಿಗೆಗೆ ಆ ದಿನ ಇದ್ದದ್ದು ಒಬ್ಬಳೇ ನರ್ಸ್, ಅವಳು ಸಾಯುತ್ತಿದ್ದ ಇನ್ನೊಬ್ಬರ ಬಳಿ ಇದ್ದಳು. ಎರಡು ಗಂಟೆ ಹತ್ತು ನಿಮಿಷ ಅವನು ನರಳಿದ. ಏನು ಮಾಡಬೇಕೆಂದು ಟ್ವೈಲಾಗೆ ಗೊತ್ತಿತ್ತು, ನೂರಾರು ಸಲ ನೋಡಿದ್ದಳು. ಆದರೆ ಮುಟ್ಟುವ ಹಕ್ಕು ಅವಳಿಗಿರಲಿಲ್ಲ.

ಕೊವಾಲ್ಚಿಕ್ ಕೊನೆಯ ಸಾಲನ್ನು ಅವಳ ಮಾತಿನಲ್ಲೇ ಬರೆದುಕೊಂಡು ಸಹಿ ಹಾಕಿಸಿದಳು:

"ನನ್ನ ಕೈ ಗಟ್ಟಿಯಾಗಿ ಹಿಡ್ಕೊಂಡು, 'ನೀನು ನರ್ಸ್ ಅಲ್ವೇನಮ್ಮಾ' ಅಂತ ಕೇಳ್ದ. ಅಲ್ಲ ಅಂದೆ."