ಬಚ್ಚಿಟ್ಟವನ ಕೈ

ಪಿಸ್ತೂಲಿನ ನಳಿಗೆ ಪಕ್ಕೆಗೆ ಚುಚ್ಚಿತು.

"ನಗು, ನಜ್ಜರೇನೊ... ಇಲ್ದಿದ್ರೆ ಇಲ್ಲೇ ಮಲಗಿಸ್ತೀನಿ!"

ಅಂದವನು ತೋಟದ ಮಾಲೀಕ ಒಟ್ಟೊರಿನೊ. ಪಿಸ್ತೂಲು ಅವನ ಕೋಟಿನ ಜೇಬಿನೊಳಗೇ ಇತ್ತು.

ನಕ್ಕೆ.

ನಾನು ದಲ್ಲಾಳಿ, ಸ್ವಾಮಿ. ಇಟಲಿಯ ಸ್ಪೊಲೇತೊ ಊರಿನ ಸುತ್ತಮುತ್ತ ಆಗದ ವ್ಯವಹಾರ ಆಗಿಸುವುದೇ ನನ್ನ ಕಸುಬು. ಈ ತೋಟದ ಓಕ್ ಮರಗಳ ಬುಡದಲ್ಲಿ ಇಷ್ಟು ವರ್ಷಕ್ಕೂ ಒಂದೇ ಒಂದು ಟ್ರಫಲ್, ಅಂದರೆ ಮಣ್ಣೊಳಗೆ ಬೆಳೆಯುವ ಆ ಚಿನ್ನದ ಬೆಲೆಯ ಅಣಬೆ, ಹುಟ್ಟಿರಲಿಲ್ಲ. ತೋಟ ಕೊಳ್ಳುವವನು ರೋಮಿನ ಸಾಹುಕಾರ ಅಂದಿದ್ದ ಒಟ್ಟೊರಿನೊ. ಹಿಂದಿನ ದಿನವೇ ಸಂತೆಯಿಂದ ಟ್ರಫಲ್ ತಂದು ಅಲ್ಲಲ್ಲಿ ಹೂತೆ. ಗ್ಲೌಸ್ ಹಾಕಿದರೆ ರಬ್ಬರ್ ವಾಸನೆಗೆ ಅಣಬೆ ಹುಡುಕುವ ನಾಯಿ ಹಿಂಜರಿಯುತ್ತದೆ. ಬರಿಗೈಯಲ್ಲೇ ಹೂತೆ. ಎಂಥಾ ಬುದ್ಧಿವಂತ!

ಆದರೆ ಕಾರಿನಿಂದ ಇಳಿದವಳು ನಮ್ಮ ಬೀದಿಯ ದೆಲ್ಫೀನಕ್ಕ. ನಾನು ಜ್ವರದಲ್ಲಿ ಬಿದ್ದಾಗ ವಾರವಿಡೀ ಬೇಳೆ ಸೂಪು ಕುಡಿಸಿದವಳು. ಕಂಡ ಕೂಡಲೇ ಹಿಂದಕ್ಕೆ ತಿರುಗಿದ್ದೆ. ಅದಕ್ಕೇ ಈ ನಳಿಗೆ.

"ಈ ತೋಟಕ್ಕೋಸ್ಕರ ಮನೆ ಮಾರಿಬಿಟ್ಟೆ ಕಣೋ," ಅಂದಳು. "ನೀನಿದ್ದೀಯಲ್ಲ... ನಂಗೇನು ಭಯ!"

ನನ್ನ ಮೇಲೆ ನನಗೇ ಅಸಹ್ಯವಾಯಿತು. ಆದರೂ ಹಲ್ಲು ಕಿರಿಯುತ್ತಲೇ ನಿಂತೆ.

ಅವಳ ನಾಯಿ ಮೊಲೀಕಾ ಮೂಗು ನೆಲಕ್ಕಿಟ್ಟು ಹೊರಟಿತು. ಮರಿಯಾಗಿದ್ದಾಗ ನಾನೇ ಪಳಗಿಸಿ ಅಕ್ಕನಿಗೆ ಕೊಟ್ಟ ನಾಯಿ. ಕೆರೆಯಿತು. ಟ್ರಫಲ್ ಕಚ್ಚಿಕೊಂಡಿತು. ಒಡತಿಯನ್ನು ದಾಟಿ ಬಂದು ನನ್ನ ಕೈಯಲ್ಲಿಟ್ಟಿತು!

"ಹಳೇ ಮೇಷ್ಟ್ರನ್ನ ಮರೆತಿಲ್ಲ ನೋಡು!" ಅಕ್ಕ ನಕ್ಕಳು.

ಎರಡನೆಯದನ್ನೂ ನನಗೇ ತಂದಿತು. ಅಕ್ಕನ ನಗು ನಿಂತಿತು.

"ಒದ್ದು ಓಡಿಸೋ ಅದನ್ನ!" ಒಟ್ಟೊರಿನೊ ನನ್ನ ಕಿವಿಯ ಬಳಿ ಹಲ್ಲು ಕಡಿದ.

ಕಾಲೆತ್ತಿದೆ. ಮೊಲೀಕಾ ಬಾಲ ಆಡಿಸುತ್ತಿತ್ತು...

ಆಗಲಿಲ್ಲ. ಕುಕ್ಕರುಗಾಲಲ್ಲಿ ಕೂತು ಅಂಗೈ ಚಾಚಿದೆ. ಗುಂಡು ಹೊಡೆದರೆ ಹೊಡೆಯಲಿ! ಮೂರನೆಯದೂ ಬಂತು.

"ನಜ್ಜರೇನೊ," ಅಕ್ಕನ ದನಿ ತಣ್ಣಗಿತ್ತು. "ವಾಸನೆ ಹಿಡಿದು ಬಚ್ಚಿಟ್ಟವನ ಕೈಗೇ ತಂದು ಕೊಡ್ಬೇಕು. ನೀನು ಇದಕ್ಕೆ ಕಲಿಸಿದ ಮೊದಲ ಪಾಠ ಅದೇ ಅಲ್ವಾ?"

"ಹೌದಕ್ಕಾ... ನಾನೇ ಹೂತಿದ್ದು. ಎಲ್ಲಾನೂ."

ಅಕ್ಕ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಚೀಲದಿಂದ ಬ್ರೆಡ್ಡಿನ ಚೂರು ತೆಗೆದು ನನ್ನತ್ತ ಎಸೆದಳು.

"ಅದಕ್ಕೆ ಕೊಡು. ಇಲ್ಲಿ ನಿಯತ್ತಾಗಿ ಕೆಲಸ ಮಾಡಿದ್ದು ಅದೊಂದೇ."

ಕೊಟ್ಟೆ. ನಾಯಿಯನ್ನು ಕರೆದುಕೊಂಡು ಅಕ್ಕ ಹೊರಟುಹೋದಳು.

ಒಟ್ಟೊರಿನೊ ನನ್ನ ಪಕ್ಕೆಲುಬು ಮುರಿದದ್ದು ಆಮೇಲೆ. ಅದು ವಾಸಿಯಾಯಿತು ಬಿಡಿ.