ಮದುಮಗನ ಮುನಿಸು

ಆ ಮನೆಯಲ್ಲಿ ಮಾಂತುವಿಗೆ ಮೊದಲ ತುತ್ತಿಗೇ ಬಿಕ್ಕಳಿಕೆ ಹತ್ತಿತ್ತು.

ಪುಣೆಯ ಕಾತ್ರಜದ ಆ ಮನೆ ಶಿವಪುತ್ರಪ್ಪನದು. ಧಾರವಾಡದ ಕಡೆಯ ಎಣ್ಣೆ ವ್ಯಾಪಾರಿ ಮನೆತನ. ಪುಣೆಯಲ್ಲಿ ಬೇರು ಬಿಟ್ಟು ಈಗ ಒಂದು ಫುಟ್‌ಬಾಲ್ ಕ್ಲಬ್ಬಿನ ಮಾಲೀಕನೂ ಆಗಿದ್ದ. ಸಂಕ್ರಾಂತಿಗೆ ತಂಡದ ಹುಡುಗರನ್ನೆಲ್ಲ ಊಟಕ್ಕೆ ಕರೆದಿದ್ದ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ತಟ್ಟೆಯ ಮೂಲೆಯಲ್ಲಿ ಕೆಂಪು ಮೆಣಸಿನಕಾಯಿ ಚಟ್ನಿ. ತಂಡದ ಮುಂಚೂಣಿ ಆಟಗಾರ ಮಾಂತು ಆ ಚಟ್ನಿಯನ್ನು ಪಲ್ಯದ ಹಾಗೆ ಬಳಿದುಕೊಂಡ.

"ಖಾರ ಆತೇನ್ರಿ?" ಬಡಿಸುತ್ತಿದ್ದ ನೀತಾ ಕೇಳಿದಳು. ಶಿವಪುತ್ರಪ್ಪನ ತೀರಿಹೋದ ಅಕ್ಕನ ಮಗಳು. ಆ ಮನೆಯಲ್ಲೇ ಬೆಳೆದವಳು.

"ಛೇ, ನಾ ಬೆಳಗಾವಿಯವ. ಖಾರಕ್ಕ ಅಂಜತೀನೇನ್ರಿ? ಯಾರೋ ನೆನಸಾಕತ್ತಾರ, ಅದಕ್ಕ ಬಿಕ್ಕ ಬಂದದ."

"ಹೌದ್ರಿ. ಚಟ್ನಿನೇ ನೆನಸಾಕತ್ತದ."

ಪಂಕ್ತಿಯೆಲ್ಲ ನಕ್ಕಿತು. ಮೈದಾನದಲ್ಲಿ ಇಬ್ಬರು ಮೂವರನ್ನು ಹೆಗಲಿನಿಂದಲೇ ಸರಿಸಿ ಓಡುವ ಆಳು, ಕಣ್ಣಲ್ಲಿ ನೀರು ತುಂಬಿಕೊಂಡು ಅವಳತ್ತ ನೋಡಿದ. ನೀತಾ ಮಜ್ಜಿಗೆ ಲೋಟ ಮುಂದೆ ಹಿಡಿದಳು. ಅವನು ಹಿಡಿದ ಮೇಲೂ ಅವಳ ಬೆರಳು ಒಂದು ಗಳಿಗೆ ತಡವಾಗಿ ಲೋಟ ಬಿಟ್ಟವು. ಅಷ್ಟೇ. ಅಷ್ಟರಿಂದಲೇ ಎಲ್ಲ ಸುರುವಾಯಿತು.

ವಿಮಾನ ನಿಲ್ದಾಣದ ಹತ್ತಿರದ ವಿಮಾನ ನಗರದಲ್ಲಿ ನೀತಾಳ ಆಫೀಸು ಬಿಡುವ ಹೊತ್ತಿಗೆ ಅವನು ರಸ್ತೆಯಾಚೆ ಚಹಾದ ಗಾಡಿಯ ಹತ್ತಿರ ನಿಂತಿರುತ್ತಿದ್ದ. ಅವಳನ್ನು ಕಂಡೊಡನೆ ಕಾಣದವನ ಹಾಗೆ ಆಕಾಶ ನೋಡುತ್ತಿದ್ದ.

"ಏನು, ವಿಮಾನ ಎಣಿಸಾಕತ್ತೀಯೇನು?"

"ಒಂದು ಇಲ್ಲೇ ಇಳೀತು ನೋಡು," ಎಂದು ಅವಳನ್ನೇ ನೋಡುತ್ತಿದ್ದ.

ನೀತಾ ಕಣ್ಣು ಕೆಂಪಗೆ ಮಾಡುತ್ತಿದ್ದಳು, ತುಟಿ ಮಾತ್ರ ಅವಳ ಮಾತು ಕೇಳುತ್ತಿರಲಿಲ್ಲ.

ಮಳೆಗಾಲಕ್ಕೆ ಗೋವಾದ ದೊಡ್ಡ ಕ್ಲಬ್ಬೊಂದು ಮಾಂತುವನ್ನು ಕೇಳಿತು. ಅವನಿಗೆ ಅದು ಹುಡುಗನಾಗಿದ್ದಾಗಿನಿಂದ ಕಂಡ ಕನಸು. ಆದರೆ ಇಲ್ಲಿಯ ಕರಾರು ಇನ್ನೂ ಎರಡು ವರ್ಷ ಬಾಕಿ ಇತ್ತು. ಕ್ಲಬ್ಬು ಬಿಡುಗಡೆ ಪತ್ರ, ಅವರೆಲ್ಲ ಅನ್ನುವ ಎನ್‌ಒಸಿ, ಕೊಡದೆ ಆಟಗಾರ ಬೇರೆ ಕಡೆ ಹೋಗುವಂತಿಲ್ಲ. ಆಗಸ್ಟ್ ಮುಗಿದರೆ ತಂಡ ಬದಲಿಸುವ ಅವಧಿ, ಆಟಗಾರರು ವಿಂಡೋ ಅನ್ನುವ ಆ ಕಿಟಕಿಯೂ, ಮುಚ್ಚುತ್ತದೆ.

"ಸಹಿ ಮಾಡೀದಿ, ಆಡಿ ಮುಗಸು. ಆಮ್ಯಾಲೆ ಎಲ್ಲಿಗರ ಹೋಗು," ಅಂದ ಶಿವಪುತ್ರಪ್ಪ.

ಮಾಂತು ಪ್ರಾಕ್ಟೀಸಿಗೆ ಹೋಗುವುದನ್ನೇ ಬಿಟ್ಟ. ಕ್ಲಬ್ಬು ಅವನ ಹೆಸರನ್ನು ಜೂನಿಯರ್ ಹುಡುಗರ ಜೊತೆ ಹಾಕಿತು. ಅವನೂ ಜಗ್ಗಲಿಲ್ಲ, ಇವನೂ ಜಗ್ಗಲಿಲ್ಲ. ನಡುವೆ ನೀತಾ.

"ಮಾಮಾಗ ನೀ ಒಂದು ಮಾತು ಹೇಳಿದ್ರ…" ಎಂದ ಒಂದು ಸಂಜೆ.

"ಮನಿ ಬ್ಯಾರೆ, ಮೈದಾನ ಬ್ಯಾರೆ ಮಾಂತು. ನನ್ನ ನಡುವ ತರಬ್ಯಾಡ."

ಅವನು ಮತ್ತೆ ಆ ಮಾತೆತ್ತಲಿಲ್ಲ. ಕೆಲವು ದಿನ ಬಿಟ್ಟು ತಲೆ ತಗ್ಗಿಸಿಕೊಂಡು ಪ್ರಾಕ್ಟೀಸಿಗೂ ಹೋದ. ಆಮೇಲೆ ಅವನ ತಾಯಿ ಭೀಮವ್ವ ಹೆಣ್ಣು ಕೇಳಲು ಬೆಳಗಾವಿಯಿಂದ ಬಂದಳು. ಶ್ರಾವಣದೊಳಗೇ ಸಾಖರಪುಡಾ, ಅಂದರೆ ನಿಶ್ಚಿತಾರ್ಥ, ಆಗಬೇಕು, ಮಗ ಹಟ ಹಿಡಿದಿದ್ದಾನೆ, ತಡ ಬೇಡವೇ ಬೇಡ ಎನ್ನುತ್ತಾನೆ ಎಂದು ನಾಚಿಕೊಂಡೇ ಹೇಳಿದಳು. ಮಾಮಾ ಸಿಟ್ಟಾದಾನು ಎಂದು ನೀತಾ ಬಾಗಿಲ ಹಿಂದೆ ಉಸಿರು ಹಿಡಿದು ನಿಂತಿದ್ದಳು. ಮಾಮಾ ಚಹಾ ಆರುವುದರೊಳಗೆ ಒಪ್ಪಿಬಿಟ್ಟ.

ಮಾಂತುವಿನ ಅವಸರವನ್ನು ಅವಳು ಪ್ರೀತಿ ಎಂದುಕೊಂಡಳು. ಮಾಮಾನ ಒಪ್ಪಿಗೆಯನ್ನು ದೊಡ್ಡ ಮನಸ್ಸು ಎಂದುಕೊಂಡಳು. ಆ ದಿನಗಳಲ್ಲಿ ಅವಳ ಮೇಲೆ ಯಾರು ಬಣ್ಣದ ನೀರು ಚೆಲ್ಲಿದ್ದರೂ ಅತ್ತರೆಂದೇ ಒರೆಸಿಕೊಳ್ಳುತ್ತಿದ್ದಳೇನೋ.

ಸಾಖರಪುಡಾ ಚೆನ್ನಾಗಿಯೇ ಆಯಿತು. ಭೀಮವ್ವ ಬಣ್ಣದ ಕಾಗದದ ಸಕ್ಕರೆ ಪೊಟ್ಟಣವನ್ನು ನೀತಾಳ ಉಡಿಗೆ ಹಾಕಿದಳು. ಉಂಗುರ ತೊಡಿಸುವಾಗ ಮಾಂತುವಿನ ಕೈ ನಡುಗಿತು. "ಪೆನಾಲ್ಟಿ ಹೊಡಿಯೂವಾಗ ನಡಗೂದಿಲ್ಲ, ಈಗ ನೋಡ್ರಿ!" ಎಂದು ಯಾರೋ ಅಂದರು. ಆ ನಡುಕವನ್ನೂ ನೀತಾ ಜೋಪಾನವಾಗಿ ಎತ್ತಿಟ್ಟುಕೊಂಡಳು.

ಆಮೇಲೆ ಊಟದ ಪಂಕ್ತಿ ಕೂತಿತು.

ಆ ಕಡೆಯ ಮನೆಗಳಲ್ಲಿ ಒಂದು ಪದ್ಧತಿ ಇದೆ. ಬಡಿಸಿದ ಮೇಲೆ ಮದುಮಗ ಮುನಿಸಿಕೊಂಡು ಕೂಡುತ್ತಾನೆ. ಹೆಣ್ಣಿನ ಕಡೆಯ ಹಿರಿಯ ಏನಾದರೊಂದು ಕೊಡುತ್ತೇನೆಂದು ಮಾತು ಕೊಡುವ ತನಕ ಅನ್ನ ಮುಟ್ಟುವುದಿಲ್ಲ. ಅವನು ಮುಟ್ಟದೆ ಪಂಕ್ತಿಯಲ್ಲಿ ಯಾರೂ ಉಣ್ಣುವಂತಿಲ್ಲ. ಕೇಳುವುದು ಒಂದೇ, ಬಡಿಸಿದ ಎಲೆಯ ಮುಂದೆ ಆಡಿದ ಮಾತು ಹಿರಿಯ ತಿರುಗಿ ನುಂಗುವಂತಿಲ್ಲ. ಎಲ್ಲ ನಗೆಯಾಟ. ಗಡಿಯಾರವೋ, ಮೋಟಾರ್ ಸೈಕಲ್ಲೋ ಕೇಳುತ್ತಾರೆ, ಚೌಕಾಸಿ ನಡೆಯುತ್ತದೆ, ಉಣ್ಣುತ್ತಾರೆ.

"ನಡೀರಿ ಅಳಿಯಂದ್ರ, ಕೈ ಹಚ್ಚರಿ," ಎಂದ ಶಿವಪುತ್ರಪ್ಪ, ಹೋಳಿಗೆಗೆ ತುಪ್ಪ ಹಾಕುತ್ತ.

ಮಾಂತು ಕೈ ಹಿಂದೆ ತೆಗೆದುಕೊಂಡ.

"ಓಹೋ!" ಪಂಕ್ತಿಯೆಲ್ಲ ಎದ್ದು ಕೂತಿತು. "ಬುಲೆಟ್ ಮಾಗ ರೇ!" ಬುಲೆಟ್ ಗಾಡಿ ಕೇಳೋ ಎಂದು ತಂಡದ ಗೋಲ್‌ಕೀಪರ್ ಕೇದಾರ ಮರಾಠಿಯಲ್ಲಿ ಕೂಗಿದ.

"ಏನರ ಕೇಳೊ ತಮ್ಮಾ, ನನ್ನ ಒಬ್ಬಾಕಿನ್ನ ಕೇಳಬ್ಯಾಡ. ನಾ ಬರಾಕಿ ಅಲ್ಲ," ಅಂದಳು ಶಿವಪುತ್ರಪ್ಪನ ತಾಯಿ ಶಿವಗಂಗವ್ವ. ನೀತಾಳಿಗೆ ಆಯಿ, ಅಂದರೆ ಅಜ್ಜಿ.

ಎಲ್ಲರಿಗಿಂತ ಜೋರಾಗಿ ನಕ್ಕವಳು ನೀತಾ. ಅವನು ಏನು ಕೇಳುತ್ತಾನೆಂದು ಅವಳಿಗೆ ಗೊತ್ತಿತ್ತು. ಮದುವೆಯನ್ನು ದೀಪಾವಳಿಗೇ ಇಟ್ಟುಕೊಳ್ಳಿ ಎನ್ನುತ್ತಾನೆ. ಇಷ್ಟು ಅವಸರದ ಗಂಡಸು ಬೇರೇನು ಕೇಳಿಯಾನು?

ಮಾಂತು ತಲೆ ಎತ್ತಲಿಲ್ಲ. "ಮಾಮಾ, ನನಗ ಎನ್‌ಒಸಿ ಬೇಕ್ರಿ."

ಹತ್ತಿರ ಕೂತವರ ನಗು ನಿಂತಿತು. ಕೇಳಿಸದ ದೂರದವರು ಇನ್ನೂ ಸ್ವಲ್ಪ ನಕ್ಕರು.

"ಏನಂದಿ?"

"ನಾಳೆಗೆ ವಿಂಡೋ ಮುಚ್ಚತದರಿ. ಬಿಡತೀನಿ ಅಂತ ಒಂದು ಮಾತು ಹೇಳ್ರಿ. ಉಣ್ಣತೀನಿ."

ಶಿವಪುತ್ರಪ್ಪನ ಕೈಯ ಸೌಟಿನಿಂದ ತುಪ್ಪ ಧೋತರದ ಮೇಲೆ ಇಳಿಯುತ್ತಿತ್ತು. "ಹಂಗಾದ್ರ ನಾ ಹುಡಗೀನ್ನ ಯಾಕ ಕೊಟ್ಟೆ? ಮನಿ ಅಳಿಯ ಆದ ಮ್ಯಾಲೆ ಕ್ಲಬ್ ಬಿಟ್ಟು ಎಲ್ಲಿ ಹೋಗತಾನ ಅಂತ…"

ಬಾಯಿ ಮುಚ್ಚಿಕೊಂಡ. ಆದರೆ ಮಾತು ಪಂಕ್ತಿಯ ನಡುವೆ ಬಿದ್ದಾಗಿತ್ತು.

ನೀತಾಳ ಕೆನ್ನೆಯ ಮೇಲೆ ನಗು ಇನ್ನೂ ಉಳಿದಿತ್ತು. ಬಾಡಿಗೆಗೆ ತಂದ ಒಡವೆಯ ಹಾಗೆ ಅದು ಭಾರವಾಗತೊಡಗಿತು. ಅವಳು ಅವನನ್ನು ನೋಡಿದಳು, ಮಾಮಾನನ್ನು ನೋಡಿದಳು. ಅವಸರದ ಶ್ರಾವಣ, ಆರದ ಚಹಾ, ಎರಡೂ ಒಮ್ಮೆಗೇ ಅರ್ಥವಾದವು.

"ಒಬ್ಬರು ಬಿಡಿಸಿಕೊಳ್ಳಾಕ, ಒಬ್ಬರು ಕಟ್ಟಿ ಹಾಕಾಕ," ಎಂದಳು ಮೆಲ್ಲಗೆ. "ನಾ ಏನು ಹಗ್ಗಾ ಏನ್ರಿ?"

ಅವಳು ಮಾಮಾನತ್ತ ತಿರುಗಿದಳು.

"ಮಾಮಾ, ಕೊಡ್ರಿ. ಮಂದಿ ಹಸದಾರ."

"ನೀತಾ…"

"ಕೊಡ್ರಿ. ಅಂವ ಒಂದು ಕೇಳ್ಯಾನ, ಒಂದು ಸಿಗತದ. ಪದ್ಧತಿ ಹಂಗ ಅದ ಅಲ್ಲಾ?"

ಶಿವಪುತ್ರಪ್ಪ ಸೌಟು ಕೆಳಗಿಟ್ಟು "ಕೊಟ್ಟೆ," ಎಂದ.

ನೀತಾ ಉಂಗುರ ಕಳಚಿ ಮಾಂತುವಿನ ಎಲೆಯ ಮೇಲೆ, ಉಪ್ಪು ಬಡಿಸಿದ ಕಡೆ ಇಟ್ಟಳು. ಸಕ್ಕರೆ ಪೊಟ್ಟಣವನ್ನು ಭೀಮವ್ವನ ಮಡಿಲಿಗೆ ಇಟ್ಟಳು. ಭೀಮವ್ವ ಅದನ್ನು ಕಣ್ಣಿಗೆ ಒತ್ತಿಕೊಂಡಳು. "ನಾ ಖರೇನ ನಿನ್ನ ಸಲುವಾಗೇ ತಂದಿದ್ದೆ ನನ್ನವ್ವಾ. ನನಗೇನೂ ಗೊತ್ತಿದ್ದಿಲ್ಲ."

"ನಿಮ್ಮ ಮ್ಯಾಲೆ ಸಿಟ್ಟಿಲ್ಲ ಅತ್ತಿ," ಎಂದಳು ನೀತಾ. ಅತ್ತೆ ಎಂದು ಕರೆದದ್ದು ಅದೇ ಮೊದಲು.

ಹಿಂದಿನಿಂದ "ನೀತಾ!" ಎಂದು ಮಾಂತು ಎದ್ದ ಸದ್ದು ಕೇಳಿತು. ಅವಳು ಅಡುಗೆ ಮನೆಯ ಬಾಗಿಲು ಹಾಕಿಕೊಂಡಳು.

ಮರುದಿನ ಮಧ್ಯಾಹ್ನ ಚಹಾದ ಗಾಡಿಯ ಹತ್ತಿರ ಅವನು ನಿಂತಿದ್ದ. ಆಕಾಶ ನೋಡುತ್ತಿರಲಿಲ್ಲ.

"ಬಿಡುಗಡೆ ಸಿಕ್ತಲ್ಲ. ಇನ್ನ ಯಾಕ ನಿಂತಿ?"

"ನೀ ಏನು ತಿಳಕೊಂಡಿಯೋ ಅದು…"

"ಒಂದು ಕೇಳತೀನಿ. ಸುಳ್ಳು ಹೇಳಬ್ಯಾಡ. ನನ್ನ ಕೇಳಿದ್ದು ನನ್ನ ಸಲುವಾಗೋ, ಆ ಕಾಗದದ ಸಲುವಾಗೋ?"

ಅವನು ಕೈಯಲ್ಲಿದ್ದ ಚಹಾದ ಗ್ಲಾಸನ್ನು ತಿರುಗಿಸಿದ, ಮತ್ತೆ ತಿರುಗಿಸಿದ. "ಎರಡೂ ಖರೇ ನೀತಾ. ಕೇಳೂದಂತೂ ಇತ್ತು. ಮುಂದಿನ ವರ್ಷ ಕೇಳಬೇಕಂತಿದ್ದೆ. ಈಗ ಕೇಳಿದ್ದು ಮಾತ್ರ…"

"ಕಿಟಕಿ ಮುಚ್ಚತದಂತ."

"ಹೂಂ. ಪಂಕ್ತ್ಯಾಗ ಕೇಳಿದ್ರ ಎಲ್ಲಾರೂ ನಗತಾರ, ಮಾಮಾನೂ ನಕ್ಕು ಹೂಂ ಅಂತಾನ, ಆಮ್ಯಾಲೆ ನಾವಿಬ್ಬರೂ ಗೋವಾಕ್ಕ ಹೋಗತೀವಿ ಅಂತ… ಹಂಗ ತಿಳಕೊಂಡಿದ್ದೆ."

ಸುಳ್ಳು ಬೇಡ ಎಂದವಳು ತಾನೇ. ಈಗ ಅವನು ಒಂದು ಸಣ್ಣ ಸುಳ್ಳಾದರೂ ಹೇಳಬಾರದಿತ್ತೇ ಅನಿಸಿತು. ತಲೆಯ ಮೇಲೆ ಹಾದು ವಿಮಾನವೊಂದು ಇಳಿಯಿತು. ಅದರ ಸದ್ದು ಮುಗಿಯುವ ತನಕ ಇಬ್ಬರೂ ಕಾಯ್ದರು.

"ಮನಿ ಬ್ಯಾರೆ, ಮೈದಾನ ಬ್ಯಾರೆ ಅಂತ ಹೇಳಿದ್ದೆ. ಕೇಳಿಸ್ಕೊಂಡು, ಸುಮ್ಮನಾಗಿ, ನನ್ನನ್ನೇ ಮೈದಾನಕ್ಕ ಇಳಿಸಿದಿ."

"ನಾ ಹೋಗೂದಿಲ್ಲ ಬಿಡು. ಈಗ ಫೋನ್ ಮಾಡತೀನಿ. ನೀ ಹೂಂ ಅನ್ನೂತನಕ ಇಲ್ಲಿಂದ ಕದಲೂದಿಲ್ಲ."

ನೀತಾ ನಕ್ಕಳು, ಅಳುವಿಗಿಂತ ಕಷ್ಟದ ನಗು. "ಮತ್ತ ಪಟ್ಟು ಹಿಡದಿ ನೋಡು! ಮೊದಲ ಮಾಮಾನ ಮ್ಯಾಲೆ, ಈಗ ನನ್ನ ಮ್ಯಾಲೆ. ಹೋಗು ಮಾಂತು. ಛಲೋ ಆಡು. ಕೈಯಾಗ ಯಾವ ಪಟ್ಟೂ ಇಲ್ಲದ ಮನಶ್ಯಾ ಬಂದು ನನ್ನ ಕೇಳಿದ್ರ ಹ್ಯಾಂಗ ಇರತಿತ್ತೋ. ಅದನ್ನ ನೋಡಬೇಕಂತ ಭಾಳ ಆಸೆ ಇತ್ತು."

ಅವನು ಹೋದ. ಕಾತ್ರಜದಿಂದ ದಕ್ಷಿಣಕ್ಕೆ ಹೋಗುವ ಬಸ್ಸುಗಳು ಅವಳ ಓಣಿಯ ಬಾಯಿಂದಲೇ ಹಾಯುತ್ತವೆ. ಅಂದಿನಿಂದ ಯಾವ ಬಸ್ಸಿನ ಹಾರ್ನು ಕೇಳಿದರೂ ಅವಳಿಗೆ ಸಿಟ್ಟು ಬರುತ್ತಿತ್ತು.

ಒಂದು ಸಂಜೆ, ಎಂದೂ ಲೋಟ ಎತ್ತಿಡದ ಮಾಮಾ ತಾನೇ ಚಹಾ ಮಾಡಿ ಅವಳ ಮುಂದಿಟ್ಟ. "ನಾ ವ್ಯಾಪಾರಸ್ಥ. ಮನ್ಯಾಗೂ ವ್ಯಾಪಾರ ಮಾಡಿಬಿಟ್ಟೆ. ನಿಮ್ಮವ್ವ ಇದ್ದಿದ್ರ ನನ್ನ ಒಳಗ ಕರಕೋತಿದ್ದಿಲ್ಲ." ಸಕ್ಕರೆ ಹಾಕುವುದನ್ನು ಮರೆತಿದ್ದ. ಅವಳು ಹಾಗೇ ಕುಡಿದಳು.

ಟಿವಿಯಲ್ಲಿ ಗೋವಾದ ಆಟವಿದ್ದಾಗ ಆಯಿ ಬೇಕೆಂದೇ ಸದ್ದು ಹೆಚ್ಚಿಸುತ್ತಿದ್ದಳು. "ನಿಮ್ಮಾಂವ ಗೋಲ್ ಹೊಡದಾನವಾ!"

"ನಮ್ಮಾಂವ ಅಲ್ಲ."

"ಮತ್ತ ಲಟ್ಟಣಗಿ ಹಿಡಕೊಂಡು ಯಾಕ ಓಡಿ ಬಂದಿ?"

ಧನುರ್ಮಾಸ ಬಂತು. ಯಾರ ಮನೆಯಲ್ಲೂ ಹೆಣ್ಣು ಕೇಳದ, ಗಂಡು ನೋಡದ ತಿಂಗಳು. ಒಂದು ಮಧ್ಯಾಹ್ನ ಗೇಟಿನ ಚಿಲಕದ ಸದ್ದಾಯಿತು. ಹೆಗಲಿಗೆ ಚೀಲ ಹಾಕಿಕೊಂಡು ಮಾಂತು ನಿಂತಿದ್ದ. ಕೈಯಲ್ಲಿ ಬಣ್ಣದ ಕಾಗದವಿಲ್ಲ, ಕಿರಾಣಿ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ಸಕ್ಕರೆ.

"ಧನುರ್ಮಾಸದಾಗ ಸಕ್ಕರಿ ಹಿಡಕೊಂಡು ಯಾರರ ಬರ್ತಾರೇನೊ?" ಆಯಿ ಹಣೆಗೆ ಕೈ ಹಚ್ಚಿದಳು. "ಮುಹೂರ್ತ ಇಲ್ಲ, ಏನಿಲ್ಲ."

"ಇಲ್ಲಂತನ ಬಂದೀನ್ರಿ ಆಯಿ. ಈಗ ಯಾವ ಕಿಟಕಿನೂ ತೆರದಿಲ್ಲ. ಯಾರೂ ನನಗ ಏನೂ ಕೊಡೂದು ಬಾಕಿ ಇಲ್ಲ." ನೀತಾಳತ್ತ ತಿರುಗಿದ, ದನಿ ಸಣ್ಣದಾಯಿತು. "ನೀ ಮದಿವಿ ಆಗತಿಯೇನಂತ ಕೇಳಾಕ ಬಂದೀನಿ. ಒಲ್ಲೆ ಅಂದ್ರ ಒಲ್ಲೆ. ಸಂಜಿ ಬಸ್ಸಿಗೆ ಹೋಗತೀನಿ."

ನೀತಾ ಅವನ ಬೂಟು ನೋಡಿದಳು, ಸಕ್ಕರೆ ನೋಡಿದಳು. "ಉಣ್ಣು ಮೊದಲ," ಎಂದಳು.

ರೊಟ್ಟಿ, ಪಲ್ಯ, ಚಟ್ನಿ ಬಡಿಸಿದಳು. ತಟ್ಟೆ ನೆಲ ಮುಟ್ಟುವ ಮೊದಲೇ ಅವನು ರೊಟ್ಟಿ ಮುರಿದ. ಅವಳು ತನಗೂ ಬಡಿಸಿಕೊಂಡು ಎದುರು ಕೂತಳು. ಆಮೇಲೆ ಕೈ ಹಿಂದೆ ತೆಗೆದುಕೊಂಡಳು.

ಮಾಂತುವಿನ ತುತ್ತು ಅರ್ಧಕ್ಕೇ ನಿಂತಿತು. "ಏನು ಬೇಕು?"

"ಅವತ್ತ ಪಂಕ್ತ್ಯಾಗ ಎಲ್ಲಾರಕಿಂತ ಜೋರಾಗಿ ನಾ ನಕ್ಕಿದ್ದೆ. ಆ ನಗು ತಿರುಗಿ ಕೊಡು."

ಅವನು ಕೈಯಲ್ಲಿದ್ದ ರೊಟ್ಟಿಯ ಚೂರನ್ನು ತಟ್ಟೆಗೆ ಇಳಿಸಿದ. "ಅದು ನನ್ನ ಕಡೆ ಇಲ್ಲ ನೀತಾ," ಎಂದ. ಕಣ್ಣು ಅಡಗಿಸಲು ತಟ್ಟೆಯ ಮೇಲೆ ಬಾಗಿ, ಕೈಗೆ ಸಿಕ್ಕಿದ್ದನ್ನು ಬಳಿದು ಬಾಯಿಗೆ ಹಾಕಿಕೊಂಡ.

ಕೈಗೆ ಸಿಕ್ಕಿದ್ದು ಕೆಂಪು ಚಟ್ನಿ.

ಮೊದಲ ಬಿಕ್ಕಳಿಕೆಯನ್ನು ಅವನು ನುಂಗಿದ. ಎರಡನೆಯದನ್ನು ಮುಷ್ಟಿಯಿಂದ ತಡೆದ. ಉಸಿರು ಬಿಗಿಹಿಡಿದು, ಕೆಂಪಗಾಗಿ, ದುಃಖದ ಮುಖವನ್ನು ಹಾಗೇ ಇಟ್ಟುಕೊಳ್ಳಲು ಹೆಣಗಿದ. ಮೂರನೆಯದು ಗೋಡೆಯ ಕ್ಯಾಲೆಂಡರ್ ಅಲ್ಲಾಡುವ ಹಾಗೆ ಹೊರಬಿತ್ತು.

"ಯಾರೋ ನೆನಸಾಕತ್ತಾರ ನೋಡಪಾ," ಎಂದಳು ಆಯಿ ಒಳಗಿನಿಂದ.

ನೀತಾ ತುಟಿ ಕಚ್ಚಿ ಹಿಡಿದಳು. ತಡೆಯಲಾಗಲಿಲ್ಲ. ನಗು ಬಂದೇ ಬಿಟ್ಟಿತು. ಅಂದಿನ ನಗುವಲ್ಲ, ಅದು ಹೋದದ್ದು ಹೋಯಿತು. ಇದು ಬೇರೆ, ಅಂಚಿನಲ್ಲಿ ಸ್ವಲ್ಪ ನೀರು ಹತ್ತಿದ್ದು.

ಮಜ್ಜಿಗೆ ಲೋಟ ಮುಂದೆ ಹಿಡಿದಳು. ಅವನು ಹಿಡಿದ. ಅವಳು ಬಿಡಲಿಲ್ಲ.

"ಇನ್ನೊಮ್ಮೆ ನನ್ನ ಮುಂದಿಟ್ಟು ಯಾರ ಕಡೇನೂ ಏನೂ ಕೇಳೂದಿಲ್ಲ ಅಂತ ಹೇಳು."

"ಕೇಳೂ… ದಿಲ್ಲ," ಎಂದ, ನಡುವೆ ಒಂದು ಬಿಕ್ಕಳಿಕೆಗೆ ಜಾಗ ಬಿಟ್ಟು.

ಅವಳು ಲೋಟ ಬಿಟ್ಟಳು. ತನ್ನ ರೊಟ್ಟಿಯನ್ನು ಮುರಿದು ಮೊದಲ ತುತ್ತು ಬಾಯಿಗಿಟ್ಟಳು.