ಎರಡನೆಯ ಕಾವು

ಬಹಳ ಹಿಂದೆ, ಮರಗಳೂ ಬೆಟ್ಟಗಳೂ ಮಾತು ನಿಲ್ಲಿಸಿ, ಕತ್ತಿಗಳಿಗೆ ಮಾತ್ರ ಅಷ್ಟಿಷ್ಟು ಮಾತು ಉಳಿದಿದ್ದ ಕಾಲದಲ್ಲಿ, ಮಣಿಗಿರಿ ಎಂಬ ರಾಜ್ಯವಿತ್ತು. ಅಲ್ಲಿನ ಕಮ್ಮಾರರ ಬೀದಿಯಲ್ಲಿ ಬೈರೋಜ ಎಂಬ ಯುವಕನಿದ್ದ. ಕೈ ಚುರುಕು, ಕಣ್ಣು ಚುರುಕು. ಯಾರಾದರೂ ಹೊಗಳಿದರೆ ಕಿವಿ ಇನ್ನೂ ಚುರುಕು.

ಊರಿನೆದುರಿನ ಬೋಳುಗುಡ್ಡದ ಮೇಲೆ ಉಪ್ಪುಗಣ್ಣ ಎಂಬ ಮಾಂತ್ರಿಕ ಬಂದು ನೆಲೆಸಿದ್ದ. ಅವನು ದಿಟ್ಟಿಸಿದವರು ನಿಂತಲ್ಲೇ ಉಪ್ಪಿನ ಬೊಂಬೆಯಾಗುತ್ತಿದ್ದರು. ಅವನ ಬಾಗಿಲಲ್ಲಿ ಒಂದು ಕಲ್ಲುಹಂದಿ ಕಾವಲಿತ್ತು. ಹಂದಿಯ ಕೊರಳಲ್ಲಿ ಕಬ್ಬಿಣದ ಸರಪಳಿಯಿತ್ತು. ಆ ಸರಪಳಿಯನ್ನು ಕಡಿದರೆ ಅವನ ಮಂತ್ರವೆಲ್ಲ ಇಳಿದುಹೋಗುತ್ತದೆ ಎಂಬುದು ಊರಿಗೆಲ್ಲ ಗೊತ್ತು. ಕಡಿಯಲು ಹೋಗುವವರು ಮಾತ್ರ ಯಾರೂ ಇರಲಿಲ್ಲ.

“ನಾನು ಹೋಗುತ್ತೇನೆ” ಎಂದಳು ರಾಜಕುಮಾರಿ ಪದ್ಮಲೆ. ಕತ್ತಿವರಸೆಯಲ್ಲಿ ಅವಳ ಸಮಕ್ಕೆ ನಿಲ್ಲುವವರು ಆ ಸೀಮೆಯಲ್ಲೇ ಇರಲಿಲ್ಲ. ಅವಳಿಗೆ ಕತ್ತಿ ಮಾಡಿಕೊಡುವ ಕೆಲಸ ಬೈರೋಜನ ಪಾಲಿಗೆ ಬಂತು.

ಬೈರೋಜ ಉಕ್ಕನ್ನು ಕಾಸಿದ, ಬಡಿದ, ಕೆಂಪಗೆ ಮಾಡಿ ನೀರಿಗೆ ಅದ್ದಿದ. ಕತ್ತಿ ಗಾಜನ್ನು ಗೀರುವಷ್ಟು ಗಟ್ಟಿಯಾಯಿತು. ಉಜ್ಜಿದ ಮೇಲೆ ಕನ್ನಡಿಯಂತೆ ಹೊಳೆಯಿತು. ಆದರೆ ಒಂದು ಕೆಲಸ ಬಾಕಿ ಇತ್ತು. ನೀರಿಗೆ ಅದ್ದಿದ ಕತ್ತಿಯನ್ನು ಮತ್ತೆ ಮಂದ ಕೆಂಡದ ಮೇಲೆ ಹಿಡಿದು, ಅದರ ಮೈಮೇಲೆ ನವಿಲುನೀಲಿ ಏಳುವವರೆಗೆ ಕಾಯಿಸಬೇಕು. ಕಮ್ಮಾರರು ಅದನ್ನು ಎರಡನೆಯ ಕಾವು ಎನ್ನುತ್ತಿದ್ದರು. ಆ ಕಾವು ಕೊಟ್ಟರೆ ಹೊಳಪು ಮಾಸುತ್ತದೆ, ಮತ್ತೆ ಮೊದಲಿಂದ ಉಜ್ಜಬೇಕು. ಇಲ್ಲಿ ನೋಡಿದರೆ ಆಸ್ಥಾನದಲ್ಲಿ ಜನ ಆಗಲೇ ಸೇರಿದ್ದಾರೆ. ಬೈರೋಜ ಕತ್ತಿಯಲ್ಲಿ ತನ್ನ ಮುಖ ನೋಡಿಕೊಂಡ, ಮೀಸೆ ತಿರುವಿದ, ಎರಡನೆಯ ಕಾವನ್ನು ಬಿಟ್ಟೇಬಿಟ್ಟ. ಎಂಥ ಹುಂಬ ನೋಡಿ!

“ನೀಲಿ ಎಲ್ಲೂ ಕಾಣಿಸ್ತಿಲ್ಲವಲ್ಲೋ ಬೈರಾ?” ಎಂದು ಕೇಳಿದ ಬೀದಿಯ ಹಿರಿಯ ಕಾಟೋಜಜ್ಜ.

“ಉಜ್ಜಿ ತೆಗೆದೆ ಅಜ್ಜ, ಹೊಳಪು ಬರಲಿ ಅಂತ” ಎಂದ ಬೈರೋಜ.

ಅರಸ ಕತ್ತಿಯನ್ನು ಮೆಚ್ಚಿ ಅವನಿಗೆ ಶಾಲು ಹೊದಿಸಿದ. ಪದ್ಮಲೆ ಗುಡ್ಡ ಹತ್ತಿದಳು. ಇಡೀ ಊರು ಕೋಟೆಯ ಮೇಲೆ ನಿಂತು ನೋಡುತ್ತಿತ್ತು. ಕಲ್ಲುಹಂದಿ ನುಗ್ಗಿತು. ಅವಳು ಪಕ್ಕಕ್ಕೆ ಸರಿದು ಸರಪಳಿಗೆ ಗುರಿಯಿಟ್ಟು ಹೊಡೆದಳು. ಕತ್ತಿ ಠಣ್ ಎಂದು ಮೂರು ತುಂಡಾಯಿತು. ಉಪ್ಪುಗಣ್ಣ ಹೊರಗೆ ಬಂದು ದಿಟ್ಟಿಸಿದ. ಎಡಗೈ ಮುಂದಕ್ಕೆ ಚಾಚಿದಂತೆಯೇ ಪದ್ಮಲೆ ಉಪ್ಪಾಗಿ ನಿಂತಳು.

“ಅವನ ಮಾಯೆಯೇ ಕತ್ತಿ ಮುರಿಯಿತು!” ಎಂದು ಊರು ಗೋಳಾಡಿತು.

ಬೈರೋಜ ಹಂದಿಯ ಕಣ್ಣು ತಪ್ಪಿಸಿ ಹೋಗಿ ಒಂದು ತುಂಡನ್ನು ಎತ್ತಿಕೊಂಡು ಬಂದ. ಅದರ ಮುರಿದ ಬಾಯನ್ನು ನೋಡಿದ. ಎಲ್ಲೂ ಬಾಗಿದ ಗುರುತಿಲ್ಲ, ಸುಟ್ಟ ಹಪ್ಪಳ ಮುರಿದ ಹಾಗಿತ್ತು. ಇದರಲ್ಲಿ ಮಾಯೆ ಮಂತ್ರ ಏನೂ ಇಲ್ಲವೆಂದು ಅವನಿಗೆ ಆ ಕ್ಷಣವೇ ತಿಳಿಯಿತು.

ಅರಸ ಅವನ ಹೆಗಲ ಮೇಲೆ ಕೈಯಿಟ್ಟ. “ನಿನ್ನ ತಪ್ಪೇನಿದೆ ಮಗು? ಮಾಯೆಯ ಮುಂದೆ ಉಕ್ಕು ಏನು ಮಾಡೀತು?” ಎಂದ.

ಆಗಲೇ ನಿಜ ಹೇಳಬಹುದಿತ್ತು. ಬೈರೋಜ ಹೇಳಲಿಲ್ಲ. “ಹೌದು ಮಹಾಪ್ರಭು, ಉಕ್ಕು ಸಾಲದು. ಬೇರೆ ಏನಾದರೂ ಬೇಕು” ಎಂದುಬಿಟ್ಟ. ಮಗಳನ್ನು ಕಳೆದುಕೊಂಡವನು ತನಗೆ ಸಮಾಧಾನ ಹೇಳುತ್ತಿದ್ದಾನಲ್ಲ ಎಂದು ನಾಚಿಕೆಯಿಂದ ಅವನ ಮೈ ಸುಟ್ಟಿತು. ಹೆಗಲ ಮೇಲಿನ ಶಾಲು ಹೇಸಿಗೆಯೆನಿಸಿತು.

ಕಾಯಲು ಹೊತ್ತಿರಲಿಲ್ಲ. ಮಳೆಗಾಲ ಹತ್ತಿರ ಬಂದಿತ್ತು. ಮಳೆ ಬಿದ್ದರೆ ಉಪ್ಪಿನ ಬೊಂಬೆ ಉಳಿಯುವುದುಂಟೇ? ಅವಳ ಕಾಲು ಬಂಡೆಗೆ ಬೆಸೆದುಹೋಗಿತ್ತು, ಎತ್ತಿ ತರುವಂತಿರಲಿಲ್ಲ. ಮೇಲೆ ಚಪ್ಪರ ಹಾಕಿದರೆ ಹಂದಿ ಕಿತ್ತೆಸೆಯುತ್ತಿತ್ತು.

ಅರಸ ಬೊಕ್ಕಸದ ದೊಡ್ಡ ವಜ್ರವನ್ನು ತೆಗೆದುಕೊಟ್ಟ. ಬೈರೋಜ ಅದನ್ನು ಈಟಿಯ ಮೊನೆಗೆ ಕೂರಿಸಿ ತಾನೇ ಗುಡ್ಡ ಹತ್ತಿದ. ದಾರಿಯಲ್ಲಿ, ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಕತ್ತಿಯ ತುಂಡು ಮಾತಾಡಿತು.

“ವಜ್ರ ನನಗಿಂತ ಗಟ್ಟಿ, ಒಪ್ಪಿದೆ. ಅದರೊಳಗೆ ಒಂದೊಂದು ಕಣವೂ ನಾಲ್ಕು ಕಡೆಯ ನಾಲ್ವರನ್ನು ಬಿಗಿಯಾಗಿ ಹಿಡಿದಿದೆ. ಹಿಡಿದ ಕೈ ಬದಲಿಸಲು ಮಾತ್ರ ಅದಕ್ಕೆ ಬಾರದು. ಜೋರಾಗಿ ಏಟು ಬಿದ್ದರೆ ಸಾಲಿಗೆ ಸಾಲೇ ಬಿಟ್ಟುಕೊಳ್ಳುತ್ತದೆ. ಇದು ನಿನಗೂ ಗೊತ್ತು.”

“ಸುಮ್ಮನಿರು” ಎಂದ ಬೈರೋಜ. ಸರಪಳಿಗೆ ಈಟಿ ಹಾಕಿದ. ವಜ್ರ ಎರಡು ಹೋಳಾಗಿ ಸಿಡಿಯಿತು.

ಉಪ್ಪುಗಣ್ಣ ಬಾಗಿಲಿಗೆ ಬಂದ. ಬೈರೋಜ ಕಣ್ಣು ಮುಚ್ಚಿಕೊಂಡ. ಮಾಂತ್ರಿಕ ಹೊಟ್ಟೆ ಹಿಡಿದುಕೊಂಡು ನಕ್ಕ. “ನಿನ್ನನ್ನು ಉಪ್ಪು ಮಾಡುವುದಿಲ್ಲ ಕಣೋ. ಆ ಕತ್ತಿಯನ್ನು ನಾನು ಕಣ್ಣೆತ್ತಿಯೂ ನೋಡಿರಲಿಲ್ಲ. ನೀನೂ ಅದನ್ನು ಬಲ್ಲೆ. ಆ ಗುಟ್ಟು ಹೊತ್ತು ತಿರುಗು, ಹೋಗು!”

ಬೈರೋಜ ಮುಖ ತಗ್ಗಿಸಿ ಇಳಿದು ಬಂದ. ಎರಡನೆಯ ಬಾರಿ ಅರಸ ಬಂಗಾರದ ಕತ್ತಿ ಕೊಟ್ಟ. ಬಂಗಾರ ಮುರಿಯುವುದಿಲ್ಲವಲ್ಲ, ಸಾಕು ಎಂದುಕೊಂಡ ಬೈರೋಜ.

“ಮುರಿಯುವುದಿಲ್ಲ, ನಿಜ” ಎಂದಿತು ತುಂಡು. “ಬಂಗಾರದ ಕಣಗಳು ಇಂಥವರ ಕೈಯನ್ನೇ ಹಿಡಿಯಬೇಕು ಅನ್ನುವುದಿಲ್ಲ. ಅಲ್ಲಿ ಎಲ್ಲರೂ ಎಲ್ಲರವರು. ತಳ್ಳಿದರೆ ಜಾರಿ ಪಕ್ಕದವರ ಹತ್ತಿರ ನಿಲ್ಲುತ್ತವೆ. ಹಂದಿ ಮೂಸಿದರೂ ಸಾಕು, ಬಾಗುತ್ತದೆ.”

ಬೈರೋಜ ಹೊಡೆದ. ಬಂಗಾರದ ಕತ್ತಿ ಕುಡುಗೋಲಿನ ಹಾಗೆ ಬಾಗಿತು. ಮಾಂತ್ರಿಕ ಒಳಗಿನಿಂದಲೇ ನಕ್ಕ, ಎದ್ದು ಬರುವ ಕಷ್ಟವನ್ನೂ ತೆಗೆದುಕೊಳ್ಳಲಿಲ್ಲ.

ಮೋಡ ಗುಡ್ಡದ ನೆತ್ತಿಗೆ ಬಂದಿತ್ತು. ಬೈರೋಜ ಪದ್ಮಲೆಯ ಬೊಂಬೆಯ ಎದುರು ಕುಸಿದು ಕುಳಿತ. “ಇವಳೊಳಗೆ ಏನು ನಡೆದಿದೆ?” ಎಂದು ತುಂಡನ್ನು ಕೇಳಿದ.

“ಉಪ್ಪಿನಲ್ಲಿ ಎರಡು ಜಾತಿಯ ಕಣಗಳು, ಒಂದು ಬಿಟ್ಟು ಒಂದು ನಿಂತು, ಒಂದನ್ನೊಂದು ಸೆಳೆದುಕೊಂಡಿವೆ. ಬೆಂಕಿಗೂ ಸುಲಭಕ್ಕೆ ಜಗ್ಗುವುದಿಲ್ಲ. ಆದರೆ ನೀರು ಬಂದು ಒಂದೊಂದನ್ನೇ ಸುತ್ತುವರಿದು ನಯವಾಗಿ ಕರೆದುಕೊಂಡು ಹೋಗುತ್ತದೆ.”

“ನಿನ್ನೊಳಗೆ?”

“ನನ್ನೊಳಗೆ ಕಬ್ಬಿಣದ ಕಣಗಳ ಸಂದಿಯಲ್ಲಿ ಇದ್ದಿಲಿನ ಕಣಗಳಿವೆ. ಕೆಂಪಗಿದ್ದಾಗ ನೀನು ನೀರಿಗೆ ಅದ್ದಿದೆ. ಅವು ಹೊರಗೆ ಬರಲಾಗದೆ ಅಲ್ಲೇ ಸಿಕ್ಕಿಕೊಂಡವು. ಗಟ್ಟಿಯಾದೆ, ಆದರೆ ಮೈಯೆಲ್ಲ ಬಿಗಿತ. ಎರಡನೆಯ ಕಾವು ಕೊಟ್ಟಿದ್ದರೆ ಅವು ಸ್ವಲ್ಪ ಜರುಗಿ ಬಿಗಿತ ಇಳಿಯುತ್ತಿತ್ತು. ನಾನು ಏಟು ತಾಳಿಕೊಳ್ಳುತ್ತಿದ್ದೆ. ನಿನಗೆ ಮುಖ ನೋಡಿಕೊಳ್ಳಬೇಕಾಗಿತ್ತು.”

ಬೈರೋಜ ಬಿಕ್ಕಿ ಬಿಕ್ಕಿ ಅತ್ತ. ಉಕ್ಕಿನ ಕತ್ತಿಯಿಂದಲೇ ಸರಪಳಿ ಕಡಿಯಬೇಕು. ಉಕ್ಕಿನಿಂದಲೇ ಕಡಿದರೆ, ಮೊದಲ ಕತ್ತಿ ಯಾಕೆ ಮುರಿಯಿತೆಂದು ಊರೇ ಕೇಳುತ್ತದೆ. ಈ ಪ್ರಶ್ನೆಗೆ ಹೆದರಿಯೇ ಅವನು ವಜ್ರದ ಹಿಂದೆ, ಬಂಗಾರದ ಹಿಂದೆ ಅಡಗಿದ್ದ. ಈಗ ಅಡಗಲು ಜಾಗ ಉಳಿದಿರಲಿಲ್ಲ. ಎದ್ದು ಕಮ್ಮಾರರ ಬೀದಿಗೆ ಓಡಿದ.

ಬೀದಿಯ ನಡುವಿನ ಕುಲುಮೆಯಲ್ಲಿ ಉಕ್ಕು ಕಾಯಿತು. ಕಾಟೋಜಜ್ಜ ತಿದಿ ಒತ್ತಿದ. ಸುದ್ದಿ ತಿಳಿದು ಅರಸ ಬಂದ, ಜನ ಮುತ್ತಿಕೊಂಡರು. ಬೈರೋಜ ಹೊಸ ಕತ್ತಿಯನ್ನು ಬಡಿದ, ನೀರಿಗೆ ಅದ್ದಿದ, ಮಂದ ಕೆಂಡದ ಮೇಲೆ ಹಿಡಿದ. ಒಣಹುಲ್ಲಿನ ಹಳದಿ ಎದ್ದಿತು, ಕಂದಾಯಿತು, ನೇರಳೆಯಾಯಿತು. ಕೊನೆಗೆ ನವಿಲುನೀಲಿ ಬಂತು.

ಕಾಟೋಜಜ್ಜ ತಿದಿ ನಿಲ್ಲಿಸಿದ. “ಮೊದಲ ಕತ್ತಿಯ ನೀಲಿಯನ್ನು ಉಜ್ಜಿ ತೆಗೆದೆ ಅಂದಿದ್ದೆಯಲ್ಲೋ?”

“ಉಜ್ಜಲು ನೀಲಿಯೇ ಇರಲಿಲ್ಲ ಅಜ್ಜ.” ಬೈರೋಜ ಶಾಲು ತೆಗೆದು ಅರಸನ ಕಾಲ ಬಳಿ ಇಟ್ಟ. “ಮಹಾಪ್ರಭು, ಮಾಂತ್ರಿಕ ಕತ್ತಿ ಮುರಿಯಲಿಲ್ಲ. ಹೊಳಪಿನ ಆಸೆಗೆ ನಾನು ಅದಕ್ಕೆ ಎರಡನೆಯ ಕಾವು ಕೊಡಲಿಲ್ಲ. ಆಮೇಲೆ ನಿಮಗೆ ಸುಳ್ಳು ಹೇಳಿದೆ.”

ಯಾರಾದರೂ ಬೈದಿದ್ದರೆ ಚೆನ್ನಾಗಿತ್ತು ಎಂದು ಬೈರೋಜನಿಗೆ ಅನ್ನಿಸಿತು. ನೆಲ ಬಾಯಿಬಿಟ್ಟು ನುಂಗಬಾರದೇ ಎಂದು ನಿಂತ. ಅರಸ ಅವನನ್ನು ಬಹಳ ಹೊತ್ತು ನೋಡಿದ.

“ಮಳೆ ಬರುತ್ತಿದೆ. ಹೋಗು” ಎಂದಷ್ಟೇ ಹೇಳಿದ.

ಬೈರೋಜ ಗುಡ್ಡ ಹತ್ತುವಾಗ ಮೊದಲ ಹನಿಗಳು ಬಿದ್ದವು. ಹಂದಿ ನುಗ್ಗಿತು. ಅವನು ಕಣ್ಣು ಮುಚ್ಚಲಿಲ್ಲ, ಎರಡು ಕೈಯಲ್ಲಿ ಹಿಡಿದು ಹೊಡೆದ. ಕತ್ತಿ ನಡುಗಿತು, ಬಳುಕಿತು, ಮತ್ತೆ ನೆಟ್ಟಗಾಯಿತು. ಸರಪಳಿ ಕಡಿದು ಬಿತ್ತು. ಹಂದಿ ಜಲ್ಲಿಕಲ್ಲಿನ ರಾಶಿಯಾಯಿತು. ಕಳಚಿದ ಮಂತ್ರ ತಿರುಗಿ ತನಗೇ ಬಡಿದು ಉಪ್ಪುಗಣ್ಣ ಉಪ್ಪಿನ ಗುಡ್ಡೆಯಾದ. ಮಳೆ ಅವನನ್ನು ಕರಗಿಸಿ ಹಳ್ಳಕ್ಕೆ ಸೇರಿಸಿತು.

ಪದ್ಮಲೆ ಉಸಿರೆಳೆದುಕೊಂಡು ಕಣ್ಣು ಬಿಟ್ಟಳು. ಎಡಗೈ ಎತ್ತಿ ನೋಡಿಕೊಂಡಳು. ಕಿರುಬೆರಳಿನ ತುದಿ ಇರಲಿಲ್ಲ. ಮೊದಲ ಹನಿಗಳು ಅಲ್ಲಿಗೆ ಬಿದ್ದಿದ್ದವು.

ಬೈರೋಜ ಮಳೆಯಲ್ಲಿ ಮಂಡಿಯೂರಿ ಅವಳಿಗೂ ಎಲ್ಲವನ್ನೂ ಹೇಳಿದ. “ಮೊದಲ ದಿನವೇ ಬಾಯಿ ಬಿಟ್ಟಿದ್ದರೆ ಈ ಬೆರಳು ಉಳಿಯುತ್ತಿತ್ತು ತಾಯಿ” ಎಂದ.

“ಹೌದು, ಉಳಿಯುತ್ತಿತ್ತು” ಎಂದಳು ಪದ್ಮಲೆ. ಅವನ ಕೈಯಿಂದ ನೀಲಿ ಕತ್ತಿಯನ್ನು ತೆಗೆದುಕೊಂಡು ಬಾಗಿಸಿ ನೋಡಿದಳು. “ಇನ್ನು ಮುಂದೆ ನನ್ನ ಕತ್ತಿಗಳನ್ನು ನೀನೇ ಮಾಡು. ಕಾವು ಕೊಡುವಾಗ ನನ್ನನ್ನು ಕರೆ, ನಾನು ನಿಂತು ನೋಡುತ್ತೇನೆ.”

ಸೊಂಟದಲ್ಲಿದ್ದ ತುಂಡು ಅಂದಿನಿಂದ ಮಾತಾಡಲಿಲ್ಲ. ಮಣಿಗಿರಿಯಲ್ಲಿ ಮಳೆ ಬೆಳೆ ಚೆನ್ನಾಗಿ ಆಯಿತು, ಮಕ್ಕಳು ಬೋಳುಗುಡ್ಡದ ಮೇಲೆ ಗಾಳಿಪಟ ಹಾರಿಸಿದರು, ಅರಸನೂ ಪ್ರಜೆಗಳೂ ನೆಮ್ಮದಿಯಿಂದ ಉಂಡು ಮಲಗಿದರು. ಬೈರೋಜನೂ ಸುಖವಾಗಿಯೇ ಇದ್ದ. ಹೊಸ ಕತ್ತಿ ನೋಡಲು ಪದ್ಮಲೆ ಕುಲುಮೆಗೆ ಬಂದು ಎಡಗೈ ಚಾಚಿದಾಗ ಮಾತ್ರ, ಅವನು ತಲೆ ತಗ್ಗಿಸಿ, ನೀಲಿ ಬಂದಿದೆಯೇ ಎಂದು ಇನ್ನೊಮ್ಮೆ ನೋಡಿ ಕೊಡುತ್ತಿದ್ದ.